ಬೆಂಕಿಪೊಟ್ಟಣದ ಮೆಟ್ಟಿಲು

ಆ ಮನೆಗೆ ಚಾವಣಿ ಬಂತು, ಬಾಗಿಲು ಬಂತು, ಸಿಂಕು ಬಂತು, ಸಿಂಕಿನ ಕೆಳಗೆ ಡಬ್ಬಗಳಿಗೆ ಗೂಡು ಕೂಡ ಬಂತು. ಒಳಗೆ ಹೋಗುವುದು ಹೇಗೆ ಎಂಬುದು ಮಾತ್ರ ಕೊನೆಯವರೆಗೆ ಯಾರ ತಲೆಗೂ ಹೊಳೆಯಲಿಲ್ಲ. ಶೆಡ್ಡಿನ ಜನ ನಾವು. ಪೇಂಟಿನ ಡ್ರಮ್ಮು ಬೋರಲು ಹಾಕಿ ಹತ್ತುತ್ತಿದ್ದೆವು, ಇಳಿಯುವಾಗ ಧುಮುಕುತ್ತಿದ್ದೆವು. ಆ ಮನೆಯೊಳಗೆ ಬಾಳಬೇಕಾದವಳು ಮಾತ್ರ ಅಂಗಳದಲ್ಲಿ ನಿಂತು, ಕತ್ತೆತ್ತಿ ನೋಡಿ, "ಚೆನ್ನಾಗಿ ಬರ್ತಿದೆ" ಎಂದು ಹೇಳಿ ಹೋಗುತ್ತಿದ್ದಳು. ಇವಳು ಒಂದು ಸಲವೂ ಹತ್ತಿ ಬರಲಿಲ್ಲವಲ್ಲ ಎಂದು ನಮ್ಮಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಅಷ್ಟು ಬುದ್ಧಿವಂತರು ನಾವು.

ನಮ್ಮದು ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡು. ಕಾರ್ಖಾನೆಯಿಂದ ಬರಿಯ ಚಾಸಿ ಬರುತ್ತದೆ, ಅಂದರೆ ಚಕ್ರ, ಎಂಜಿನ್ನು, ಮಧ್ಯೆ ಎರಡು ಉದ್ದನೆಯ ಕಬ್ಬಿಣ. ಮಿಕ್ಕಿದ್ದೆಲ್ಲ ನಮ್ಮ ಕೆಲಸ. ಮೇಸ್ತ್ರಿ ಕಬ್ಬಿಣ ಕತ್ತರಿಸಿ ಬೆಸುಗೆ ಹಾಕುತ್ತಾರೆ, ನಾನು ಬಣ್ಣ ಹೊಡೆದು ಅಕ್ಷರ ಬರೆಯುತ್ತೇನೆ, ಸೀಟಿನ ಹೊದಿಕೆ ಹೊಲಿಯುವವಳು ತಂಗಿ. ಯಾರ ತಂಗಿ ಎಂದು ಕೇಳಿದರೆ ಅಕ್ಕನ ತಂಗಿ. ಅಕ್ಕ ಹೆಚ್ಚುಕಡಿಮೆ ಕೆಲಸವಿದ್ದಷ್ಟು ಕಾಲವೂ ಬಸ್ ಕಂಡಕ್ಟರಾಗಿದ್ದವಳು. ಹತ್ತಿದ ಹಸುಗೂಸಿನಿಂದ ಹಿಡಿದು ಕೋಲೂರುವ ಮುದುಕರವರೆಗೆ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಎದುರಿಗೆ ನಾನು ಅವಳಿಗೆ 'ನೀವು' ಅನ್ನುತ್ತೇನೆ. ಹಿಂದಿನಿಂದ 'ಅವಳು' ಅನ್ನುವಷ್ಟು ಸಲಿಗೆ ಅವಳೇ ಕೊಟ್ಟಿದ್ದಾಳೆ, ಯಾಕೆಂದರೆ ನನ್ನ ಅಮ್ಮ ಡಿಪೋ ಕ್ಯಾಂಟೀನಿನಲ್ಲಿ ಅಡುಗೆಯವಳಾಗಿದ್ದಳು ಮತ್ತು ನಾನು ಅಕ್ಕನ ಚೀಲದ ಚಿಲ್ಲರೆ ಎಣಿಸುತ್ತಾ ಲೆಕ್ಕ ಕಲಿತವನು.

ತಂಗಿ ಮದುವೆಯಾಗಿ ಹೋದವಳು ಒಂದು ಸೂಟ್‌ಕೇಸು ಹಿಡಿದುಕೊಂಡು ಅಕ್ಕನ ಬಾಡಿಗೆ ಕೋಣೆಗೆ ವಾಪಸು ಬಂದಿದ್ದಳು. "ಏನಾಯ್ತು" ಎಂದು ಅಕ್ಕ ಕೇಳಲಿಲ್ಲವಂತೆ. "ಊಟ ಆಯ್ತಾ" ಎಂದಷ್ಟೇ ಕೇಳಿದಳಂತೆ. ಅಂದಿನಿಂದ ಇಬ್ಬರದೂ ಒಂದೇ ಒಲೆ. ಒಂದೇ ಬಾಯಿ ಎನ್ನಲಾರೆ, ಯಾಕೆಂದರೆ ತಂಗಿಯ ಬಾಯಿ ಅವಳ ಸೂಜಿಗಿಂತ ಚೂಪು. ಅಕ್ಕ ರಿಟೈರಾದಾಗ ಬಂದ ಗಂಟಿನಲ್ಲಿ ಊರಾಚೆ ಪುಟ್ಟದೊಂದು ಜಾಗ ಕೊಂಡಳು. ಇಟ್ಟಿಗೆ ಗಾರೆಯ ಮನೆ ಎತ್ತುವಷ್ಟು ದುಡ್ಡು ಉಳಿಯಲಿಲ್ಲ. ಆಗ ತಂಗಿಗೆ ಶೆಡ್ಡಿನ ಹಿಂದೆ ತುಕ್ಕು ತಿನ್ನುತ್ತಾ ಬಿದ್ದಿದ್ದ ಹಳೆಯ ಚಾಸಿ ಕಣ್ಣಿಗೆ ಬಿತ್ತು.

"ಇದರ ಮೇಲೆ ಐವತ್ತು ಜನ ಕೂರೋ ಬಸ್ ಕಟ್ಟೋ ಮಂದಿಗೆ, ಇಬ್ರು ಹೆಂಗಸರು ಮಲಗೋ ಮನೆ ಕಟ್ಟೋಕಾಗಲ್ವಾ?" ಎಂದಳು.

ಮೇಸ್ತ್ರಿ ಮೊದಲು ನಕ್ಕರು. ಆಮೇಲೆ ಟೇಪು ತೆಗೆದರು. ಎಂಟು ಅಡಿ ಅಗಲ, ಹದಿನೆಂಟು ಅಡಿ ಉದ್ದ. ಎರಡು ಮಂಚ, ಒಂದು ಒಲೆ, ಒಂದು ಬಚ್ಚಲು, ತಂಗಿಯ ಹೊಲಿಗೆ ಮಿಷನ್ನಿಗೆ ಒಂದು ಮೂಲೆ. ಮೇಸ್ತ್ರಿ ಅದಕ್ಕೆ ಬೆಂಕಿಪೊಟ್ಟಣ ಎಂದು ಹೆಸರಿಟ್ಟರು. ಹೆಸರು ಅಂಟಿಕೊಂಡಿತು.

ಅಕ್ಕನ ಮೊಣಕಾಲಿನ ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಕ್ಕ ಹೇಳುವವಳಲ್ಲ. ಅವಳ ಎರಡೂ ಮೊಣಕಾಲು ಸವೆದು ಹೋಗಿದ್ದವು. ಸಮ ನೆಲದ ಮೇಲೆ ನಮ್ಮನ್ನೆಲ್ಲ ಹಿಂದೆ ಹಾಕಿ ನಡೆಯುತ್ತಿದ್ದಳು. ಒಂದು ಅಡಿ ಮೇಲೆ ಕಾಲೆತ್ತಿಡಬೇಕೆಂದರೆ ಪ್ರಾಣ ಹೋಗಿ ಬರುತ್ತಿತ್ತು. ಇಳಿಯುವುದು ಇನ್ನೂ ಕಷ್ಟ. ಕೊನೆಕೊನೆಗೆ ಅವಳೇ ಕೇಳಿಕೊಂಡು ಟಿಕೆಟ್ ಕೌಂಟರಿಗೆ ಕೆಲಸ ಬದಲಾಯಿಸಿಕೊಂಡಿದ್ದಳು, ಊರಿಗೆಲ್ಲ ಪ್ರಮೋಷನ್ ಎಂದು ಸಾರಿದ್ದಳು. ರಿಟೈರಾದ ಮೇಲೆ ಬಸ್ಸೇ ಹತ್ತಲಿಲ್ಲ. "ಬಸ್ ಸಾಕಾಗಿದೆ ಕಣ್ರೋ, ಇನ್ನು ಉಳಿದಿರೋದನ್ನ ನಡೆದೇ ಮುಗಿಸ್ತೀನಿ" ಎನ್ನುತ್ತಿದ್ದಳು. ನಾವು ಅದನ್ನು ತಮಾಷೆ ಎಂದುಕೊಂಡು ನಗುತ್ತಿದ್ದೆವು. ಬಾಡಿಗೆ ಕೋಣೆ ನೆಲದ ಮಟ್ಟಕ್ಕೇ ಇತ್ತು, ಹೊಸ್ತಿಲೂ ಇರಲಿಲ್ಲ. ಅಕ್ಕ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ತಂಗಿ ನೋಡುತ್ತಿದ್ದಳು ನಿಜ, ಆದರೆ ಆ ವಯಸ್ಸಿನಲ್ಲಿ ಎಣ್ಣೆ ಹಚ್ಚಿಕೊಳ್ಳದವರು ಯಾರು ಎಂದು ಸುಮ್ಮನಾಗಿದ್ದಳು. ಇದೆಲ್ಲ ನಮಗೆ ಗೊತ್ತಾದದ್ದು ತಡವಾಗಿ.

ಹಾಗಾಗಿ ಆ ಮೆಟ್ಟಿಲು ಎಂಥದ್ದು ಎಂಬುದರ ಮೇಲೆ, ಅಕ್ಕ ತನ್ನದೇ ದುಡ್ಡಿನ ಮನೆಯಲ್ಲಿ ಬಾಳುತ್ತಾಳೋ ಇಲ್ಲವೋ ಎಂಬುದು ನಿಂತಿತ್ತು. ಅದು ಗೊತ್ತಿದ್ದವಳು ಅವಳೊಬ್ಬಳೇ.

ಮನೆ ಹೆಚ್ಚುಕಡಿಮೆ ಮುಗಿದಾಗ ಮೇಸ್ತ್ರಿ ಶೆಡ್ಡಿನ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೆಟ್ಟಿಲುಗಳ ಚಿತ್ರ ಬರೆದರು. ಹೊಸ್ತಿಲು ನೆಲದಿಂದ ಮೂರು ಅಡಿ ಮೇಲಿತ್ತು. ಮೊದಲನೆಯದು ಮರದ್ದು: ಆರಾರು ಇಂಚಿನ ತಗ್ಗು ಮೆಟ್ಟಿಲು, ಅಗಲ ಅಂದರೆ ಪಾದ ಪೂರ್ತಿ ಊರುವಷ್ಟು, ಮೇಲೆ ಬಾಗಿಲ ಮುಂದೆ ನಿಂತು ಚೀಲ ಕೆಳಗಿಟ್ಟು ಬೀಗ ತೆಗೆಯುವುದಕ್ಕೆ ಒಂದು ಕಟ್ಟೆ, ಎರಡೂ ಕಡೆ ಹಿಡಿಕೆ. ಎರಡನೆಯದು ಅಂಗಡಿಯಲ್ಲಿ ಸಿಗುವ ಕಬ್ಬಿಣದ ಜಾಲರಿಯ ಮೆಟ್ಟಿಲು, ಒಂದೇ ಕಡೆ ಹಿಡಿಕೆ. ಮೂರನೆಯದು ಬಸ್ಸಿನ ಫುಟ್‌ಬೋರ್ಡು, ಒಂದೊಂದೂ ಒಂದು ಅಡಿ ಎತ್ತರ, ಹಿಡಿಯಲು ನಡುವೆ ಒಂದು ಕಂಬಿ.

"ಮರದ್ದು ಕೈ ಕಚ್ಚುತ್ತೆ" ಎಂದರು ಮೇಸ್ತ್ರಿ. "ಒಳ್ಳೆ ಮರ ಹಾಕದಿದ್ರೆ ಎರಡು ಮಳೆಗೆ ಉಬ್ಬುತ್ತೆ. ಕೆಳಗೆ ಸಿಮೆಂಟು ಹಾಸಬೇಕು, ಇಲ್ಲಾಂದ್ರೆ ಒಂದು ಕಡೆ ಕುಸಿಯುತ್ತೆ. ಹಿಡಿಕೆ, ಪಾಲಿಷು, ಜಾರದ ಪಟ್ಟಿ, ಎಲ್ಲಾ ಸೇರಿ ಇಪ್ಪತ್ತೆಂಟು ಸಾವಿರಕ್ಕೆ ಕಮ್ಮಿ ಆಗಲ್ಲ. ಜಾಲರಿದು ಐದು. ಫುಟ್‌ಬೋರ್ಡು ನಮ್ಮ ಗುಜರಿಯಲ್ಲೇ ಇದೆ, ಪುಕ್ಕಟೆ."

ತಂಗಿ ರೆಕ್ಸಿನ್ನಿನ ತುಂಡಿನ ಮೇಲೆ ತನ್ನ ಸುಣ್ಣದ ಬಿಲ್ಲೆಯಿಂದ ಕೂಡಿ ಕಳೆದಳು. ಉಳಿದದ್ದು ಮೂವತ್ತು ಸಾವಿರ, ಚಿಲ್ಲರೆ. ಅದರಲ್ಲಿ ಇನ್ನೊಂದು ಆಸೆ ಕೂತಿತ್ತು. ಹೊಲಿಗೆ ಮಿಷನ್ನಿನ ಪಕ್ಕದ ಗೋಡೆಗೆ ಬಸ್ಸಿನ ಮುಂಗಾಜಿನಷ್ಟು ದೊಡ್ಡ ಕಿಟಕಿ ಬೇಕು ಎಂದು ಅವಳು ಮೊದಲಿನಿಂದ ಹೇಳುತ್ತಿದ್ದಳು. ಶೆಡ್ಡಿನ ಟ್ಯೂಬ್‌ಲೈಟಿನ ಕೆಳಗೆ ಕಪ್ಪು ರೆಕ್ಸಿನ್ನಿಗೆ ಕಪ್ಪು ದಾರ ಹೊಲಿದು ಹೊಲಿದು ಅವಳ ಕಣ್ಣು ಸೋತಿದ್ದವು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದಳು, ಕರೆದದ್ದಕ್ಕೆ ನನ್ನ ಮೇಲೆಯೇ ಸಿಡುಕುತ್ತಿದ್ದಳು. ಆ ಗಾಜು, ಚೌಕಟ್ಟು, ರಬ್ಬರು ಸೇರಿ ಇಪ್ಪತ್ತೈದು.

"ಎರಡೂ ಆಗಲ್ಲ" ಎಂದಳು ತಂಗಿ. "ಮೆಟ್ಟಿಲೇ ಮಾಡಿಸೋಣ ಬಿಡು. ಕಿಟಕಿ ಆಮೇಲೆ ನೋಡೋಣ."

ಅವಳು ಹಾಗೆ ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಯಾರಾದರೂ ಅವಳನ್ನು ಸ್ವಾರ್ಥಿ ಎಂದರೆ ನನಗೆ ಸಿಟ್ಟು ಬರುತ್ತದೆ.

"ಆಮೇಲೆ ಅಂದ್ರೆ ಯಾವಾಗ? ಗೋಡೆ ಮುಚ್ಚಿದ ಮೇಲೆ ಕೊರೀತೀಯಾ?" ಎಂದಳು ಅಕ್ಕ. "ಕಿಟಕಿ ಹಾಕಿಸು. ನನಗೋಸ್ಕರ ಮೆಟ್ಟಿಲಿಗೆ ಅಷ್ಟು ಸುರೀಬೇಡ. ನನ್ನ ಆಯಸ್ಸೆಲ್ಲ ಫುಟ್‌ಬೋರ್ಡಿನ ಮೇಲೇ ಕಳೆದಿದೆ, ಈಗ ನನಗೆ ಮೆಟ್ಟಿಲು ಹತ್ತೋದು ಕಲಿಸ್ತೀರೇನು?"

"ಜಾಲರಿದಾದ್ರೂ ತರೋಣ."

"ಅದು ಬೆಂಕಿ ಬಿದ್ದಾಗ ಓಡಿ ಇಳಿಯೋ ಮೆಟ್ಟಿಲು ಇದ್ದ ಹಾಗಿದೆ. ಬೆಂಕಿಪೊಟ್ಟಣಕ್ಕೆ ಒಪ್ಪುತ್ತೆ ಅಂತೀಯಾ?"

ಎಲ್ಲರೂ ನಕ್ಕೆವು. ನಕ್ಕಿದ್ದೇ ಸಹಿ ಹಾಕಿದ ಹಾಗಾಯಿತು. ನಮ್ಮ ಕಡೆ ಯಾರೂ ತಮಗೆ ಬೇಕಾದದ್ದನ್ನು ಬೇಕು ಎನ್ನುವುದಿಲ್ಲ. ನನಗೆ ಬೇಡ ಎನ್ನುತ್ತಾರೆ. ಎದುರಿಗಿರುವವರು ಇಲ್ಲ ಇಲ್ಲ, ನಿನಗೇ ಎಂದು ಎರಡು ಮೂರು ಸಲ ಒತ್ತಾಯ ಮಾಡಬೇಕು. ಆಗ ಅಯ್ಯೋ, ನಿಮ್ಮ ಬಲವಂತ ಎಂದು ಒಪ್ಪಿಕೊಳ್ಳಬೇಕು. ಮರ್ಯಾದೆಯ ದಾರಿಯೇ ಅದು. ಆದರೆ ಅಕ್ಕ ಬೇಡವನ್ನು ಎಷ್ಟು ಚೆನ್ನಾಗಿ ಹೇಳಿದಳೆಂದರೆ ಎರಡನೆಯ ಸಲ ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ಮನೆಗೆ ಹೋದ ಮೇಲೆ ಅಕ್ಕನಿಗೆ ಹೆದರಿಕೆಯಾಯಿತಂತೆ. ಅಮ್ಮನ ಹತ್ತಿರ ಆಮೇಲೆ ಹೇಳಿದ್ದು. ಮರುದಿನ ಪೇಟೆಗೆ ಹೋಗಿ, ಬ್ಯಾಂಕಿನ ಮುಂದಿನ ತಗ್ಗು ಮೆಟ್ಟಿಲುಗಳನ್ನು ಸುಮ್ಮನೆ ಹತ್ತಿ ಇಳಿದು ನೋಡಿದಳಂತೆ. ಹಿಡಿಕೆ ಹಿಡಿದುಕೊಂಡರೆ ಆರಾಮಾಗಿ ಆಯಿತಂತೆ. ವಾಚ್‌ಮನ್ ಏನು ಬೇಕು ಎಂದು ಕೇಳಿದ್ದಕ್ಕೆ, "ಮೆಟ್ಟಿಲು ಬೇಕಾಗಿತ್ತು" ಎಂದು ಹೇಳಿ ಬಂದಳಂತೆ. ನಾಚಿಕೆ ಬಿಟ್ಟು ಮೇಸ್ತ್ರಿಯ ಹತ್ತಿರ ಮರದ್ದನ್ನೇ ಕೇಳಿಬಿಡುವುದು, ಕಿಟಕಿಯನ್ನು ತೀರಾ ಚಿಕ್ಕದು ಮಾಡಿಸುವುದು ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಶೆಡ್ಡಿಗೆ ಬಂದಳು.

ಬಂದಾಗ ನಾನೂ ಇದ್ದೆ. ಅಕ್ಕ ಚಪ್ಪಲಿ ಸರಿಮಾಡಿಕೊಂಡು, "ಮೇಸ್ತ್ರಿ, ಆ ಅಗಲದ್ದು ಹೇಳಿದ್ರಲ್ಲ..." ಎಂದು ಶುರು ಮಾಡಿದ್ದಳು. ಮೇಸ್ತ್ರಿಗೆ ಕಿವಿ ಕೊಡುವ ತಾಳ್ಮೆ ಎಲ್ಲಿತ್ತು? "ಇರಿ ಅಕ್ಕ, ಮೊದಲು ಇಲ್ಲಿ ನೋಡಿ" ಎಂದು ಮೂಲೆಯಲ್ಲಿದ್ದ ಟಾರ್ಪಾಲು ಎಳೆದುಹಾಕಿದರು.

ಕೆಳಗಿದ್ದದ್ದು ಒಂದು ಹಳೆಯ ಫುಟ್‌ಬೋರ್ಡು. ಗುಜರಿಗೆ ಹಾಕಿದ ಬಸ್ಸುಗಳ ಪೈಕಿ ಅಕ್ಕ ಹೆಚ್ಚು ಕಾಲ ಕೆಲಸ ಮಾಡಿದ ರೂಟಿನ ಬಸ್ಸು ಯಾವುದೆಂದು ಹುಡುಕಿ, ಅದರ ಮೆಟ್ಟಿಲನ್ನೇ ಕತ್ತರಿಸಿ ತಂದಿದ್ದರು. ತುಕ್ಕು ಉಜ್ಜಿ ತೆಗೆದು, ಹೊಸ ತಗಡು ಹೊಡೆದು, ಹಿತ್ತಾಳೆಯ ಹಾಗೆ ಹೊಳೆಯುವಂತೆ ಕಂಬಿ ಉಜ್ಜಿದ್ದರು. ಮೇಸ್ತ್ರಿ ದುಡ್ಡಿಲ್ಲದೆ ಯಾರಿಗೂ ಒಂದು ಮೊಳೆ ಕೊಡುವವರಲ್ಲ. ಅಂಥವರು ಭಾನುವಾರ ಪೂರ್ತಿ ಕೂತು ಅದನ್ನು ಮಾಡಿದ್ದರು. ಸಂತೋಷಕ್ಕೆ ಅವರ ಮುಖ ಹಾಲು ಕುಡಿದ ಮಗುವಿನ ಹಾಗಾಗಿತ್ತು.

"ಇದು ನನ್ನ ಕಡೆಯಿಂದ" ಎಂದರು. "ಕಾಸು ಬೇಡ. ನಿಮ್ಮ ಕಾಲು ತಗುಲಿ ಸವೆದಿರೋ ಅಂಚು ಹಾಗೇ ಬಿಟ್ಟಿದೀನಿ, ನೋಡಿ."

ಅಕ್ಕ ನೋಡಿದಳು. ಬಗ್ಗಿ ಆ ಸವೆದ ಅಂಚಿನ ಮೇಲೆ ಬೆರಳಾಡಿಸಿದಳು. ಅವಳ ಕಣ್ಣಲ್ಲಿ ನೀರು ಬಂತು. ನಾವು ಅದು ಆನಂದಬಾಷ್ಪ ಎಂದುಕೊಂಡೆವು. ಅರ್ಧ ಅದೂ ಇತ್ತೇನೋ, ಇಲ್ಲ ಎನ್ನಲಾರೆ.

"ಏನೋ ಹೇಳ್ತಿದ್ರಿ, ಅಗಲದ್ದು ಅಂತ" ಎಂದು ನಾನು ನೆನಪಿಸಿದೆ.

"ಏನಿಲ್ಲಪ್ಪ, ಪೇಂಟರು" ಎಂದಳು ಅಕ್ಕ. "ಕಿಟಕಿ ಅಗಲವಾಗಿಯೇ ಇರಲಿ ಅಂತ ಹೇಳೋಕೆ ಬಂದೆ."

ಹೀಗೆ ಆ ವಿಷಯ ಮುಗಿಯಿತು. ಬೇರೆ ಯಾವ ಊರಿನಲ್ಲಾದರೂ, ಬೇರೆ ಯಾವ ಕಸುಬಿನವರಾದರೂ, ಅರವತ್ತು ದಾಟಿದ ಹೆಂಗಸಿಗೆ ಅಡಿ ಎತ್ತರದ ಮೆಟ್ಟಿಲು ಇಡುತ್ತಿರಲಿಲ್ಲ. ನಮಗೆ ಬಸ್ಸು ಬಿಟ್ಟರೆ ಬೇರೆ ಅಳತೆ ಗೊತ್ತಿರಲಿಲ್ಲ. ಬಸ್ಸನ್ನು ಹತ್ತುವುದು ಇಳಿಯುವುದಕ್ಕೋಸ್ಕರ, ಒಂದು ಹೊತ್ತಿನ ಮಾತು ಅದು. ಮನೆಯ ಮೆಟ್ಟಿಲನ್ನು ದಿನಾ ಹತ್ತಿ ಇಳಿಯಬೇಕು. ನೀರಿಗೆ, ಬಟ್ಟೆಗೆ, ಬಿಸಿಲು ಕಾಯಿಸಿಕೊಳ್ಳುವುದಕ್ಕೆ, ಯಾರೋ ಕೂಗಿದರು ಎಂದು ನೋಡುವುದಕ್ಕೆ. ಇಷ್ಟು ಸಣ್ಣ ಮಾತು ನಮ್ಮ ಮಂಡೆಗೆ ಹೋಗಲಿಲ್ಲ.

ಬೆಂಕಿಪೊಟ್ಟಣವನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಹೋಗಿ ಅವರ ಜಾಗದಲ್ಲಿ ನಿಲ್ಲಿಸಿದೆವು. ಫುಟ್‌ಬೋರ್ಡನ್ನು ಬೋಲ್ಟು ಹಾಕಿ ಬಿಗಿದೆವು. ಎಲ್ಲರೂ ಸುತ್ತ ನಿಂತು, ಅಕ್ಕನೇ ಮೊದಲು ಹತ್ತಬೇಕು ಎಂದು ಗಲಾಟೆ ಎಬ್ಬಿಸಿದೆವು. ಅಕ್ಕ ಸೆರಗು ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಹಲ್ಲು ಕಚ್ಚಿಕೊಂಡು ಮೇಲೇರಿದಳು. ಬಾಗಿಲಲ್ಲಿ ತಿರುಗಿ ನಿಂತು, "ಹೋಲ್ಡಾನ್! ಒಳಗೆ ಬನ್ನಿ, ಒಳಗೆ ಬನ್ನಿ, ಫುಟ್‌ಬೋರ್ಡಲ್ಲಿ ನಿಲ್ಲಬೇಡಿ!" ಎಂದು ಕೂಗಿದಳು. ಚಪ್ಪಾಳೆಯೋ ಚಪ್ಪಾಳೆ. ಹಣೆಯ ಮೇಲೆ ಬೆವರು ಹನಿದಿದ್ದು ಸೆಕೆಗೆ ಎಂದುಕೊಂಡೆವು.

ಆ ದಿನ ಹತ್ತಿದವಳು ಆಮೇಲೆ ಇಳಿಯಲಿಲ್ಲ.

ತಂಗಿ ಬೆಳಿಗ್ಗೆ ಕೆಲಸಕ್ಕೆ ಬರುತ್ತಿದ್ದಳು, ಸಂಜೆ ಹೋಗುತ್ತಿದ್ದಳು. ಮೊದಲಿಗೆ ಅವಳ ಖುಷಿ ಹೇಳತೀರದು. ಆ ಕಿಟಕಿಯ ಬೆಳಕಿನಲ್ಲಿ ಸೂಜಿಗೆ ತಾನೇ ದಾರ ಪೋಣಿಸುತ್ತೇನೆ ಎಂದು ನನಗೆ ನಾಲ್ಕು ಸಲ ಹೇಳಿದಳು. ಕೆಲವು ದಿನ ಕಳೆದ ಮೇಲೆ ಖುಷಿಯ ಜಾಗದಲ್ಲಿ ಗೊಣಗಾಟ ಶುರುವಾಯಿತು.

"ನಮ್ಮಕ್ಕ ಮಹಾರಾಣಿ ಆಗಿಬಿಟ್ಟಿದಾಳೆ" ಎಂದಳು ಒಂದು ದಿನ, ಮಿಷನ್ನು ತುಳಿಯುತ್ತಾ. "ಅಂಗಳದ ಮೂಲೆ ನಲ್ಲೀಲಿ ನೀರು ಬರುತ್ತೆ, ಒಂದು ಬಕೆಟ್ ಹಿಡಿದಿಡು ಅಂದ್ರೆ ಹಿಡಿದಿಡಲ್ಲ. ಸೋಪು ಮುಗಿದಿದೆ ಅಂದ್ರೆ ಅಂಗಡಿಗೆ ಹೋಗಲ್ಲ. ಸಂಜೆ ಆದ್ರೆ ಡಿಪೋ ಹತ್ರ ಹರಟೆ ಹೊಡೆಯೋಕೆ ಓಡ್ತಿದ್ದವಳು, ಈಗ ಕಿಟಕಿ ಪಕ್ಕ ಕೂತು ರಸ್ತೆ ನೋಡ್ತಾಳೆ. ನಿನ್ನಮ್ಮ ಕೇಳ್ತಿದ್ರಾ ಅವಳನ್ನ?"

ಅಮ್ಮ ಕೇಳುತ್ತಲೇ ಇದ್ದಳು. ಮನೆ ಸಿಕ್ಕ ಮೇಲೆ ಅಕ್ಕನಿಗೆ ನಾವೆಲ್ಲ ಮರೆತು ಹೋದೆವೇನೋ ಎಂದು ಮೂತಿ ಉದ್ದ ಮಾಡಿಕೊಂಡಿದ್ದಳು.

ಜಗಳ ಆದದ್ದು ಬಟ್ಟೆಯ ಮೇಲೆ. ಈ ಜಗಳವನ್ನು ನಾನು ಇಬ್ಬರ ಬಾಯಿಂದಲೂ ಕೇಳಿದ್ದೇನೆ. ಇಬ್ಬರೂ ಒಂದೇ ಥರ ಹೇಳಿದ್ದರಿಂದ ನಿಜವೇ ಇರಬೇಕು. ತಂಗಿ ಬೆಳಿಗ್ಗೆ ಒಗೆದು ಹಗ್ಗಕ್ಕೆ ಹಾಕಿ ಬಂದಿದ್ದಳು. ಮಧ್ಯಾಹ್ನ ಜೋರು ಮಳೆ. ಸಂಜೆ ಹೋಗಿ ನೋಡಿದರೆ ಸೀರೆ, ಹಾಸಿಗೆ ಹೊದಿಕೆ ಎಲ್ಲ ಕೆಸರಲ್ಲಿ ತೊಪ್ಪೆಯಾಗಿ ಬಿದ್ದಿವೆ. ಹಗ್ಗ ಕಿಟಕಿಯಿಂದ ಹತ್ತು ಹೆಜ್ಜೆ ದೂರವೂ ಇರಲಿಲ್ಲ. ಅಕ್ಕ ಕಿಟಕಿಯ ಪಕ್ಕದಲ್ಲೇ ಕೂತಿದ್ದಳು.

"ಕಣ್ಣೆದುರಿಗೇ ನೆನೀತಿದ್ವು, ಎದ್ದು ತೆಗೆಯೋಕಾಗಲಿಲ್ವಾ?"

"ನಿದ್ದೆ ಹತ್ತಿತ್ತು ಕಣೇ."

"ಸುಳ್ಳು. ಹಾಸಿಗೆ ಸುತ್ತಿಟ್ಟಿದ್ದು ಹಾಗೇ ಇದೆ. ಬೆಳಿಗ್ಗೆಯಿಂದ ದುಡಿದು ಬರ್ತೀನಿ, ಬಂದು ಇದನ್ನ ಮತ್ತೆ ಒಗೀಬೇಕಾ? ಕೂತ ಜಾಗಕ್ಕೇ ಎಲ್ಲಾ ಬರಬೇಕು ಅಂದ್ರೆ ಆಳು ಇಟ್ಕೋ. ನಾನು ನಿನ್ನ ತಂಗಿ, ಆಳಲ್ಲ."

ಅಕ್ಕ ಅಷ್ಟು ವರ್ಷ ಬಸ್ಸಿನಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದವಳು, ಆ ಹೊತ್ತಿನಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನನ್ನಿಂದ ಇಳಿಯೋಕಾಗಲ್ಲ ಕಣೇ ಎಂದಿದ್ದರೆ ತಂಗಿ ಅಲ್ಲೇ ಕುಸಿದು ಅತ್ತು, ಮರುದಿನವೇ ಫುಟ್‌ಬೋರ್ಡನ್ನು ಕಿತ್ತೆಸೆಯುತ್ತಿದ್ದಳು. ಅಕ್ಕನಿಗೆ ಅದೂ ಗೊತ್ತಿತ್ತು. ಅತ್ತರೆ ಆ ಕಿಟಕಿಯನ್ನು ನೋಡಿ ನೋಡಿ ಅಳುತ್ತಾಳೆ ಎಂದು ಮಾತು ನುಂಗಿಕೊಂಡಳು. ಇಂಥ ಒಳ್ಳೆತನಕ್ಕೆ ಏನು ಹೇಳಬೇಕು? ನನಗಂತೂ ಮೈ ಉರಿಯುತ್ತದೆ.

ಆ ವಾರದಲ್ಲೇ ನಮ್ಮಮ್ಮನಿಗೆ ಕಣ್ಣಿನ ಪೊರೆ ತೆಗೆಸಿದೆವು. ಅಕ್ಕ ಫೋನು ಮಾಡಿ, "ನಾನು ಬಂದು ನೋಡ್ಕೋತೀನಿ, ಒಂದು ವಾರ" ಎಂದಳು. ಕರೆದುಕೊಂಡು ಬರಲು ನಾನು ಹೋಗುತ್ತೇನೆ ಎಂದರೆ ಬೇಡವೇ ಬೇಡ ಎಂದು ಪಟ್ಟು ಹಿಡಿದಳು. ತಂಗಿ ಕೆಲಸಕ್ಕೆ ಹೋದ ಮೇಲೆ ಒಬ್ಬಳೇ ಬಂದಳು. ಹೇಗೆ ಇಳಿದಳು ಎಂದು ನಾನು ಕೇಳಲಿಲ್ಲ. ಅದು ಕೇಳುವ ವಿಷಯ ಎಂದೇ ನನಗೆ ಗೊತ್ತಿರಲಿಲ್ಲ.

ನಮ್ಮದು ಹಳೆಯ ಸಾಲುಮನೆ; ಬೀದಿಯಿಂದ ಸೀದಾ ಒಳಗೆ ಕಾಲಿಡಬಹುದು. ಅಕ್ಕ ಬಂದ ಮರುದಿನವೇ ಹಾಲಿಗೆ ಹೋಗಿ ಬಂದಳು. ಸಂಜೆ ಡಿಪೋಗೆ ಹೋದಳು. ಹಳೆಯ ಡ್ರೈವರುಗಳ ಕಾಲೆಳೆದು, ನಗುತ್ತಾ ವಾಪಸು ಬಂದಳು. ಅಮ್ಮನ ಕಣ್ಣಿಗೆ ಹೊತ್ತು ಹೊತ್ತಿಗೆ ಔಷಧಿ ಬಿಟ್ಟಳು, ನನ್ನ ಅಂಗಿಯ ಪೇಂಟಿನ ಕಲೆ ಉಜ್ಜಿದಳು. ವಾರ ಕಳೆದು ತಿಂಗಳಾಯಿತು, ಮಳೆಗಾಲ ಮುಗಿಯಿತು. ಅಮ್ಮನ ಕಣ್ಣು ವಾಸಿಯಾಗಿ ಅವಳು ಪತ್ರಿಕೆಯ ಸಣ್ಣಕ್ಷರ ಓದತೊಡಗಿದರೂ ಅಕ್ಕನ ಔಷಧೋಪಚಾರ ಮುಗಿಯಲಿಲ್ಲ.

ತಂಗಿ ಶೆಡ್ಡಿನಲ್ಲಿ ಮುಖ ಊದಿಸಿಕೊಂಡು ಹೊಲಿಯುತ್ತಿದ್ದಳು. "ಒಂದು ಮಾತು ಅಂದಿದ್ದಕ್ಕೆ ಇಷ್ಟು ಕೋಪವಾ? ಇರಲಿ, ಅವಳಿಗೂ ಗೊತ್ತಾಗಲಿ, ನಾನೂ ಕರೆಯಲ್ಲ" ಎನ್ನುತ್ತಿದ್ದಳು. ಆ ಸಾಲನ್ನು ಹೇಳುವಾಗೆಲ್ಲ ಹೊಲಿಗೆ ವಕ್ರವಾಗುತ್ತಿತ್ತು, ಬಿಚ್ಚಿ ಮತ್ತೆ ಹಾಕುತ್ತಿದ್ದಳು.

ಕೊನೆಗೆ ಒಂದು ಭಾನುವಾರ ತಡೆಯಲಾರದೆ ನಮ್ಮ ಮನೆಗೆ ಬಂದಳು. ಅಕ್ಕ ಬಾಗಿಲಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಎದ್ದು ನಡಿ ಮನೆಗೆ" ಎಂದಳು ತಂಗಿ. ಒಳಗೆ ಬಾ ಎನ್ನುವುದಕ್ಕೂ ಬಿಡಲಿಲ್ಲ. "ಇನ್ನೆಷ್ಟು ದಿನ ಕೋಪ? ತಪ್ಪಾಯ್ತು ಅಂತ ಕಾಲು ಹಿಡೀಬೇಕಾ?"

"ಕೋಪ ಏನಿಲ್ಲ ಕಣೇ. ಇವನಮ್ಮ ಒಬ್ಬಳೇ ಆಗ್ತಾಳೆ..."

"ಇವರಿಗೆ ಮಗ ಇಲ್ವಾ? ನನಗ್ಯಾರಿದಾರೆ? ಮನೆ ಕಟ್ಟಿ ಮೂರು ತಿಂಗಳಾಗಲಿಲ್ಲ, ನಾನೊಬ್ಬಳೇ ಗೋಡೆ ನೋಡ್ಕೊಂಡು ಕೂರ್ತೀನಿ. ಅಷ್ಟು ಕಲ್ಲು ಮನಸ್ಸಾ ನಿಂದು?"

ಒಳಗಿನಿಂದ ಅಮ್ಮ ಬಂದಳು. ಅಮ್ಮನಿಗೆ ಗುಟ್ಟು ಇಟ್ಟುಕೊಳ್ಳುವುದು ಗೊತ್ತು, ಆದರೆ ಅನ್ಯಾಯದ ಮಾತು ಕೇಳಿಕೊಂಡು ಇಟ್ಟುಕೊಳ್ಳುವುದು ಗೊತ್ತಿಲ್ಲ.

"ಕಲ್ಲು ಅವಳ ಮನಸ್ಸಲ್ಲ ಕಣಮ್ಮ, ಮೊಣಕಾಲು" ಎಂದಳು. "ಕೂತ್ಕೊಂಡು ಇಳಿದು ಬಂದಿದಾಳೆ ನಿನ್ನ ಮನೆಯಿಂದ. ಗಂಟು ಕೆಳಗೆ ಎಸೆದು, ಹೊಸ್ತಿಲ ಮೇಲೆ ಕೂತು, ಅಂಬೆಗಾಲಿಡೋ ಕೂಸಿನ ಥರ ಒಂದೊಂದೇ ಮೆಟ್ಟಿಲು ಜಾರಿಕೊಂಡು. ಗೋಡೆ ಮೇಲಿದ್ದ ಬೆಕ್ಕು ಬಿಟ್ಟರೆ ಯಾರೂ ನೋಡಲಿಲ್ಲವಂತೆ. ಅದಕ್ಕೆ ಮೊದಲು ದಿನಾ ಬಾಗಿಲು ತೆಗೆಯೋದಂತೆ, ಕೆಳಗೆ ನೋಡೋದಂತೆ, ಮುಚ್ಚೋದಂತೆ. ನಿನ್ನ ಬಟ್ಟೆ ನೆನೆದ ದಿನ ಎರಡು ಸಲ ಕಾಲು ಕೆಳಗಿಟ್ಟು ವಾಪಸು ತಗೊಂಡಿದಾಳೆ."

ತಂಗಿ ಅಕ್ಕನನ್ನು ನೋಡಿದಳು. ಅಕ್ಕ ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಗುಡ್ಡೆ ಮಾಡುತ್ತಿದ್ದಳು.

"ನನಗ್ಯಾಕೆ ಹೇಳಲಿಲ್ಲ?" ಎಂದಳು ತಂಗಿ.

"ಹೇಳಿದ್ರೆ ಕಿಟಕಿ ಮುಚ್ಚಿಸ್ತಿದ್ದೆ ನೀನು."

ತಂಗಿ ಬೀದಿಯಲ್ಲೇ ಕೂತು ಅತ್ತಳು. ಇಷ್ಟು ದಿನ ನಾನು ಅಕ್ಕನ ಎದುರು ಊಟಕ್ಕೆ ಕೂತಿದ್ದೆ, ತಂಗಿಯ ಪಕ್ಕದಲ್ಲಿ ಕೆಲಸ ಮಾಡಿದ್ದೆ, ಒಂದೂ ಗೊತ್ತಾಗಿರಲಿಲ್ಲ.

ಮರುದಿನ ಮೇಸ್ತ್ರಿಗೆ ವಿಷಯ ಹೇಳಿದಾಗ ಅವರು ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟರು. ಆಮೇಲೆ ಸ್ಪ್ಯಾನರು ತೆಗೆದುಕೊಂಡು ಹೋಗಿ ಆ ಫುಟ್‌ಬೋರ್ಡನ್ನು ತಾವೇ ಬಿಚ್ಚಿದರು. ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ತಂಗಿ ದುಡ್ಡಿಗಾಗಿ ಹೊರಗಿನ ಹೊಲಿಗೆ ಹಿಡಿದಳು, ಮೇಸ್ತ್ರಿ ಮರವನ್ನು ಕೊಂಡ ಬೆಲೆಗೆ ಕೊಟ್ಟರು, ನಾನು ಪಾಲಿಷು ಹೊಡೆದೆ. ಕೆಳಗೆ ಸಿಮೆಂಟು ಹಾಸಿದೆವು. ಆರಾರು ಇಂಚಿನ ಅಗಲ ಮೆಟ್ಟಿಲು, ಎರಡೂ ಕಡೆ ಹಿಡಿಕೆ, ಮೇಲೆ ಕುರ್ಚಿ ಹಾಕಿ ಕೂರುವಷ್ಟು ಕಟ್ಟೆ. ನಮ್ಮ ಶೆಡ್ಡಿನಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಇನ್ನೊಂದು ಆಗಿಲ್ಲ. ತಂಗಿ ಹಿಡಿಕೆಯನ್ನು ಕೈಯಿಂದ ಸವರಿ ಸವರಿ, ಎಲ್ಲಾದರೂ ಮುಳ್ಳು ಏಳುತ್ತದೇನೋ ಎಂದು ಪರೀಕ್ಷೆ ಮಾಡಿದಳು. ಅಕ್ಕನ ಮಂಚಕ್ಕೆ ಹೊಸ ಹೊದಿಕೆ ಹೊಲಿದು ಹಾಸಿದಳು.

ಅಕ್ಕನನ್ನು ನಾನೇ ಕರೆದುಕೊಂಡು ಹೋದೆ. ಅವಳು ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಎಲ್ಲೂ ನಿಲ್ಲದೆ ಮೇಲೆ ಹೋದಳು. ಕಟ್ಟೆಯ ಮೇಲೆ ನಿಂತು ಸುತ್ತ ನೋಡಿ, "ಭೇಷ್" ಎಂದಳು. ಮೇಸ್ತ್ರಿ ಅಂಗಳದಲ್ಲಿ ಮುಖ ಆ ಕಡೆ ತಿರುಗಿಸಿಕೊಂಡರು.

ಒಳಗೆ ಚಹಾ ಆಯಿತು. ಅಕ್ಕ ಮಂಚದ ಅಂಚಿನಲ್ಲಿ ಕೂತಿದ್ದಳು, ಹೊದಿಕೆ ಸುಕ್ಕಾಗದ ಹಾಗೆ. ತಂಗಿ ಒಂದೇ ಸಮನೆ ಮಾತಾಡುತ್ತಿದ್ದಳು. ನಲ್ಲಿಯನ್ನು ಒಳಗೆ ಎಳೆಸುತ್ತೇನೆ, ಹಗ್ಗವನ್ನು ಕಟ್ಟೆಯ ಪಕ್ಕಕ್ಕೆ ಕಟ್ಟಿಸುತ್ತೇನೆ, ಸಂಜೆ ಹೊತ್ತು ಇಬ್ಬರೂ ಡಿಪೋವರೆಗೆ ನಡೆದು ಹೋಗೋಣ.

"ನಾಳೆ ನಿನ್ನ ಗಂಟು ತರಿಸ್ತೀನಿ" ಎಂದಳು ಕೊನೆಗೆ.

ಅಕ್ಕ ಲೋಟ ಕೆಳಗಿಟ್ಟಳು. "ಬೇಡ ಕಣೇ."

"ಇನ್ನೂ ಕೋಪವಾ?"

"ನ್ಯಾಯವಾಗಿ ಹೇಳ್ತೀನಿ, ಕೋಪ ಇಲ್ಲ. ಮೆಟ್ಟಿಲೂ ಚೆನ್ನಾಗಿದೆ. ಆದ್ರೆ ಈ ಬಾಗಿಲ ಒಳಗೆ ಕಾಲಿಟ್ಟ ಕೂಡಲೇ ಎದೆ ಹೊಡ್ಕೊಳ್ಳುತ್ತೆ. ಈ ಕಿಟಕಿ ಪಕ್ಕ ಕೂತು, ರಸ್ತೇಲಿ ಹೋಗೋರನ್ನ ನೋಡ್ತಾ, ನಾನಿನ್ನು ಹೊರಗೆ ಹೋಗೋದು ಹೆಣವಾಗಿಯೇ ಅಂತ ಅಂದ್ಕೊಂಡಿದ್ದೆ. ಅದು ಮರೆಯೋಕಾಗ್ತಿಲ್ಲ. ಇವರ ಮನೇಲಿ ಬೆಳಿಗ್ಗೆ ಏಳ್ತೀನಿ, ಹೊರಗೆ ಹೋಗ್ತೀನಿ, ಬರ್ತೀನಿ. ಅಷ್ಟೇ ಸಾಕು ಅನ್ನಿಸಿಬಿಟ್ಟಿದೆ." ಹೊದಿಕೆಯ ಅಂಚು ಸರಿಮಾಡುತ್ತಾ, "ನಾನೇ ಬಾಯಿ ಬಿಟ್ಟು ಕೇಳಬೇಕಿತ್ತು. ಕೇಳಲಿಲ್ಲ. ಅದು ನನ್ನ ತಪ್ಪು, ನಿಂದಲ್ಲ" ಎಂದಳು.

"ನಾನು ಇನ್ನೊಂದು ಸಲ ಕೇಳಬೇಕಿತ್ತು" ಎಂದಳು ತಂಗಿ.

ಇಬ್ಬರದೂ ನಿಜವೇ ಆಗಿತ್ತು. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಬೆಳಕು ಬೇಕಾದಷ್ಟು ಬರುತ್ತಿತ್ತು.

ಹೊತ್ತಾಯಿತು ಎಂದು ಅಕ್ಕ ಎದ್ದಳು. ಕುಡಿದ ಲೋಟವನ್ನು ತೊಳೆಯಲು ಹೋಗಲಿಲ್ಲ. ನೆಂಟರು ಇಡುವ ಹಾಗೆ ಗೋಡೆಯ ಪಕ್ಕಕ್ಕೆ ಸರಿಸಿಟ್ಟಳು. "ಬರ್ತೀನಿ" ಎಂದು ತಂಗಿಯ ತಲೆ ಸವರಿದಳು. ತಂಗಿ ಓಡಿ ಬಂದು ಅವಳಿಗಿಂತ ಮೊದಲೇ ಮೆಟ್ಟಿಲ ಕೆಳಗೆ ನಿಂತು, ಹಿಡಿದುಕೊಳ್ಳಲಿ ಎಂದು ಕೈ ಚಾಚಿದಳು. ಅಕ್ಕನಿಗೆ ಆ ಕೈ ಬೇಕಾಗಲಿಲ್ಲ. ತಗ್ಗು ಮೆಟ್ಟಿಲುಗಳ ಮೇಲೆ ಒಂದೊಂದೇ ಪಾದ ಪೂರ್ತಿ ಊರಿ, ಆರಾಮಾಗಿ ಇಳಿದು ಹೋದಳು.